ಹಸಿ ಸೌದೆ, ಒಣ ಸೌದೆ: ಮಳೆಗಾಲದ ಮಂಕು ಮನಸ್ಸಿಗೆ ಒಂದು ಧಮ್ಮ ಪಾಠ

🪷 *ಇಂದಿನ ಧಮ್ಮ ಚಿಂತನೆ* 🪷
_ವರ್ಷಾವಾಸ ಮಾಲಿಕೆ_



ಮೊನ್ನೆ ರಾತ್ರಿ ಹೊಸನಗರ ಕಡೆಯ ಒಬ್ಬ ತಂಗಿ ನನಗೆ ಧ್ವನಿ ಸಂದೇಶ ಕಳಿಸಿದ್ದಳು. "ಅಕ್ಕಾ, ಮಳೆ ಹಿಡಿದು ಇಪ್ಪತ್ತು ದಿನ ಆಯ್ತು. ಬೆಳಿಗ್ಗೆ ಏಳೋಕೆ ಮನಸ್ಸಿಲ್ಲ. ಯಾರ ಜೊತೆಗೂ ಮಾತು ಬೇಡ ಅನ್ಸುತ್ತೆ. ಸುಮ್ ಸುಮ್ನೆ ಅಳು ಬರುತ್ತೆ. ಇದು ಯಾವ ಕರ್ಮ ಅಕ್ಕಾ?" ಅಂತ ಕೇಳಿದ್ದಳು. ಅವಳಿಗೆ ಬರೆದ ಉತ್ತರವನ್ನು ಅವಳ ಒಪ್ಪಿಗೆ ಪಡೆದು ಇವತ್ತು ಎಲ್ಲರ ಮುಂದೆ ಇಡುತ್ತಿದ್ದೇನೆ. ಇದೇ ಪ್ರಶ್ನೆ ಮನಸ್ಸಲ್ಲಿಟ್ಟುಕೊಂಡು ಕೇಳದೆ ಕೂತವರು ಇನ್ನೂ ಇರಬಹುದು.

ಚಳಿ ದೇಶಗಳಲ್ಲಿ ಉದ್ದನೆಯ ಚಳಿಗಾಲ ಬಂದರೆ ಜನರ ಮನಸ್ಸು ಕುಗ್ಗುತ್ತದೆ. 1984ರಲ್ಲಿ ಅಮೆರಿಕದ ಡಾ. ನಾರ್ಮನ್ ರೋಸೆಂತಾಲ್ ಮತ್ತು ಅವರ ಸಂಗಡಿಗರು ಇದನ್ನು ಋತುಮಾನದ ಖಿನ್ನತೆ ಎಂದು ಗುರುತಿಸಿ ಬರೆದರು. ಬೆಳಕು ಕಡಿಮೆಯಾದಾಗ ನಮ್ಮ ನಿದ್ದೆ, ಹಸಿವು, ಉತ್ಸಾಹ ಎಲ್ಲವೂ ಏರುಪೇರಾಗುತ್ತವೆ. ನಮಗೆ ಅಂಥ ಚಳಿಗಾಲ ಇಲ್ಲ. ಡಿಸೆಂಬರ್‌ನಲ್ಲಿ ನಮ್ಮ ಅಂಗಳದಲ್ಲಿ ಒಳ್ಳೆ ಬಿಸಿಲು. ಆದರೆ ನಮಗೆ ಮಳೆಗಾಲ ಇದೆ. ಬೆಂಗಳೂರಿಗೆ ವರ್ಷವಿಡೀ ಬೀಳುವುದು ಸಾವಿರ ಮಿಲಿಮೀಟರಿನ ಆಸುಪಾಸು. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಗೆ ಏಳು ಸಾವಿರಕ್ಕೂ ಹೆಚ್ಚು, ಅದರಲ್ಲೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆರಿದ್ರದಲ್ಲಿ ಹಿಡಿದ ಮಳೆ ಪುನರ್ವಸು, ಪುಷ್ಯ, ಆಶ್ಲೇಷ ಅಂತ ಬಿಡದೆ ಸುರಿಯುತ್ತದೆ. ಮಧ್ಯಾಹ್ನ ಮೂರಕ್ಕೇ ದೀಪ ಬೇಕು, ಕರೆಂಟ್ ಇರುವುದಿಲ್ಲ. ಬಟ್ಟೆ ಒಣಗುವುದಿಲ್ಲ. ಗೋಡೆ ಬೆವರುತ್ತದೆ. ನಮ್ಮ ಕತ್ತಲ ಕಾಲ ಇದು.

*ಮೊದಲು ನನ್ನ ಕಥೆ*

ನನ್ನ ಮನೆ ಸಾಗರ ತಾಲ್ಲೂಕಿನ ಕರೂರು ಹೋಬಳಿಯಲ್ಲಿ, ಸಿಗಂದೂರಿನ ಹತ್ತಿರ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ನೀರು ಏರಿದಾಗ ಅಜ್ಜ ಕೆಳಗಿನ ಊರು ಬಿಟ್ಟು ಮೇಲೆ ಬಂದವರು. ಅವರ ಹೆಸರಲ್ಲಿ ಭೂಮಿ ಇರಲಿಲ್ಲ, ಬೇರೆಯವರ ಗದ್ದೆಯಲ್ಲಿ ದುಡಿಯುತ್ತಿದ್ದವರು. ಹಾಗಾಗಿ ಮುಳುಗಿದ ಲೆಕ್ಕದಲ್ಲಿ ಅವರದು ಏನೂ ಇರಲಿಲ್ಲ. ನಾನು ಹೊಲಿಗೆ ಕಲಿತು ಬದುಕು ಕಟ್ಟಿಕೊಂಡೆ. ದೀಕ್ಷೆ ಪಡೆದೆ, 22 ಪ್ರತಿಜ್ಞೆ ತೆಗೆದುಕೊಂಡೆ. ಮೂರು ವರ್ಷ ಕಳೆದ ಮೇಲೆ, 2019ರ ಏಪ್ರಿಲ್‌ನಲ್ಲಿ ನಮ್ಮ ಮನೆಯವರು ತೀರಿಕೊಂಡರು.

ಮೇ ತಿಂಗಳು ಹೇಗೋ ಕಳೆಯಿತು. ಬರುವವರು, ಹೋಗುವವರು, ಕಾಗದ ಪತ್ರ. ಜೂನ್‌ನಲ್ಲಿ ಮಗ ಶಿವಮೊಗ್ಗದ ಹಾಸ್ಟೆಲ್‌ಗೆ ಹೋದ. ಮಳೆ ಹಿಡಿಯಿತು. ಮನೆಯಲ್ಲಿ ನಾನೊಬ್ಬಳೇ. ಆಗ ಸೇತುವೆ ಇರಲಿಲ್ಲ, ಸಂಜೆ ಲಾಂಚ್ ನಿಂತಿತು ಅಂದರೆ ಬೆಳಗಿನವರೆಗೆ ಯಾರೂ ಬರುವಂತಿಲ್ಲ, ಹೋಗುವಂತಿಲ್ಲ. ಶಾಲೆ ಮಕ್ಕಳ ಸಮವಸ್ತ್ರದ ಬಟ್ಟೆ ಹೊಲಿಯಲು ತಂದಿಟ್ಟಿದ್ದು ಹಾಗೇ ಇತ್ತು. ಒಂದು ದಿನ ಮಷೀನಿನ ಮುಂದೆ ಕೂತು ಸೂಜಿಗೆ ದಾರ ಪೋಣಿಸದೆ ಎದ್ದು ಬಂದೆ. ಆಮೇಲೆ ಕೂರುವುದನ್ನೇ ಬಿಟ್ಟೆ. ಬಾಬಾಸಾಹೇಬರ 'ಬುದ್ಧ ಮತ್ತು ಅವನ ಧಮ್ಮ' ಪುಸ್ತಕದ ರಟ್ಟಿಗೆ ಬೂಷ್ಟು ಹಿಡಿಯಿತು. ನೋಡಿದೆ, ಒರೆಸಲಿಲ್ಲ.

ನೆಂಟರು ಫೋನ್ ಮಾಡಿ ಹೇಳಿದರು, "ದೇವರನ್ನ ಬಿಟ್ಟೆಯಲ್ಲ, ಅದಕ್ಕೇ ಹೀಗಾಗಿದ್ದು. ಅಮ್ಮನಿಗೆ ಒಂದು ಹರಕೆ ಹೇಳ್ಕೋ." ಈ ಮಾತನ್ನು ನಮ್ಮಲ್ಲಿ ಎಷ್ಟು ಜನ ಕೇಳಿಲ್ಲ! ಅವರ ಮೇಲೆ ನನಗೆ ಈಗ ಸಿಟ್ಟಿಲ್ಲ. ಅವರು ಹೆದರಿ ಹೇಳಿದ್ದು. ಆದರೆ ಆವತ್ತು ಒಂಟಿ ಮನೆಯಲ್ಲಿ, ಮಳೆ ಸದ್ದಿನಲ್ಲಿ, ರಾತ್ರಿ ಎರಡು ಗಂಟೆಗೆ ಆ ಮಾತು ಸುಳ್ಳು ಅಂತ ಗಟ್ಟಿಯಾಗಿ ಹೇಳಿಕೊಳ್ಳಲು ನನಗೆ ಆಗಲಿಲ್ಲ. ಇನ್ನೊಂದು ಕಡೆ ನಾಚಿಕೆ. ಬುದ್ಧನ ದಾರಿ ಹಿಡಿದವಳು, ಊರಿನವರ ಮುಂದೆ ಧಮ್ಮದ ಬಗ್ಗೆ ಮಾತಾಡಿದವಳು ಹೀಗೆ ಅಳಬಹುದೇ ಅಂತ. ಹೀಗಾಗಿ ಬಳಗಕ್ಕೂ ಹೇಳಲಿಲ್ಲ.

*ಇದು ಯಾವ ಕರ್ಮ?*

ತಂಗಿಯ ಪ್ರಶ್ನೆಗೆ ಬರೋಣ. ಇದೇ ಪ್ರಶ್ನೆಯನ್ನು ಭಗವಾನ್ ಬುದ್ಧರಿಗೆ ಮೋಳಿಯ ಸೀವಕ ಎಂಬ ಪರಿವ್ರಾಜಕ ರಾಜಗೃಹದ ವೇಳುವನದಲ್ಲಿ ಕೇಳಿದ್ದ. ಮನುಷ್ಯ ಅನುಭವಿಸುವ ಸುಖ ದುಃಖ ಎಲ್ಲವೂ ಹಿಂದೆ ಮಾಡಿದ್ದರ ಫಲ ಎಂದು ಕೆಲವರು ಹೇಳುತ್ತಾರೆ, ನೀವೇನು ಹೇಳುತ್ತೀರಿ ಎಂದು. ಬುದ್ಧರು ಒಪ್ಪಲಿಲ್ಲ. ಪಿತ್ತದಿಂದ ನೋವು ಬರುತ್ತದೆ, ಕಫದಿಂದ ಬರುತ್ತದೆ, ವಾತದಿಂದ ಬರುತ್ತದೆ, ಇವು ಕೂಡಿಯೂ ಬರುತ್ತದೆ, ಋತು ಬದಲಾದಾಗ ಬರುತ್ತದೆ, ದೇಹವನ್ನು ಸರಿಯಾಗಿ ನೋಡಿಕೊಳ್ಳದಿದ್ದರೆ ಬರುತ್ತದೆ, ಪೆಟ್ಟು ಬಿದ್ದರೆ ಬರುತ್ತದೆ, ಕರ್ಮದಿಂದಲೂ ಬರುತ್ತದೆ ಎಂದು ಒಂದೊಂದಾಗಿ ಎಣಿಸಿ ಹೇಳಿದರು. ಎಲ್ಲವನ್ನೂ ಹಿಂದಿನ ಕರ್ಮಕ್ಕೆ ಕಟ್ಟುವವರು ತಾವು ಕಂಡದ್ದನ್ನೂ ಲೋಕ ಒಪ್ಪಿದ್ದನ್ನೂ ಮೀರಿ ಮಾತಾಡುತ್ತಾರೆ ಎಂದರು.

ಆ ಪಟ್ಟಿಯಲ್ಲಿ *ಋತು ಬದಲಾವಣೆ* ಇದೆ, ಗಮನಿಸಿ. ಎರಡೂವರೆ ಸಾವಿರ ವರ್ಷದ ಹಿಂದೆ ಬುದ್ಧರು ಹವಾಮಾನವೂ ನೋವಿಗೆ ಒಂದು ಕಾರಣ ಎಂದರು. ಹಾಗಾದರೆ ತಂಗೀ, ಇದು ಪಾಪದ ಫಲ ಅಲ್ಲ, ಯಾವ ದೇವರ ಮುನಿಸೂ ಅಲ್ಲ. ಕಾರಣ ಇರುವ ನೋವು. ಕಾರಣ ಇದ್ದರೆ ಪರಿಹಾರವೂ ಹುಡುಕಬಹುದು.

ಬಾಬಾಸಾಹೇಬರು ತಮ್ಮ ಪುಸ್ತಕದ ಪೀಠಿಕೆಯಲ್ಲೇ ಕೇಳುತ್ತಾರೆ, ಬದುಕೆಲ್ಲ ದುಃಖವೇ ಎಂದು ಸಾರುವುದಾದರೆ ಬುದ್ಧರ ಧಮ್ಮ ನಿರಾಶೆಯ ಬೋಧನೆ ಆಗುವುದಿಲ್ಲವೇ ಎಂದು. ಅವರ ಓದಿನಲ್ಲಿ ಧಮ್ಮ ಇರುವುದು ದುಃಖವನ್ನು ಗುರುತಿಸಿ ತೊಡೆದು ಹಾಕಲು. ದುಃಖದಲ್ಲಿ ಕೂತಿರುವುದು ಸಾಧನೆ ಅಲ್ಲ.

*ಮಳೆ ಮತ್ತು ವರ್ಷಾವಾಸ*

ನಮ್ಮ ಸುತ್ತಲಿನವರಿಗೆ ಆಷಾಢ ಅಶುಭ ಮಾಸ. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ. ನಮಗೆ ಆಷಾಢ ಪೂರ್ಣಿಮೆ ಬುದ್ಧರು ಸಾರನಾಥದಲ್ಲಿ ಐವರಿಗೆ ಮೊದಲ ಉಪದೇಶ ಮಾಡಿದ ದಿನ. ವರ್ಷಾವಾಸ ಆರಂಭ ಆಗುವುದೂ ಆಗಲೇ. ಅಲ್ಲಿಂದ ಆಶ್ವಯುಜ ಪೂರ್ಣಿಮೆವರೆಗೆ ಮೂರು ತಿಂಗಳು.

ವರ್ಷಾವಾಸ ಹುಟ್ಟಿದ್ದು ಜನರ ಒಂದು ದೂರಿನಿಂದ. ಭಿಕ್ಖುಗಳು ಮಳೆಯಲ್ಲೂ ಊರೂರು ಸುತ್ತುತ್ತಿದ್ದರು. ಚಿಗುರು ಹುಲ್ಲು ತುಳಿಯುತ್ತಾರೆ, ಸಣ್ಣ ಸಣ್ಣ ಜೀವ ಸಾಯಿಸುತ್ತಾರೆ, ಹಕ್ಕಿಗಳೂ ಮಳೆಗಾಲದಲ್ಲಿ ಗೂಡು ಸೇರುತ್ತವೆ ಎಂದು ಜನ ಆಡಿಕೊಂಡರು. ಬುದ್ಧರು ಆ ಮಾತಿಗೆ ಬೆಲೆ ಕೊಟ್ಟು ಮಳೆಗಾಲದಲ್ಲಿ ಒಂದು ಕಡೆ ನೆಲೆ ನಿಲ್ಲಬೇಕೆಂದು ನಿಯಮ ಮಾಡಿದರು. ಹೊರಗೆ ಹೋಗಲಾಗದ ಕಾಲವನ್ನು ಅವರು ಕೂಡಿ ಕಲಿಯುವ ಕಾಲವಾಗಿ ಮಾಡಿದರು. ವರ್ಷಾವಾಸ ಎಂದರೆ ಒಬ್ಬರೇ ಬಾಗಿಲು ಹಾಕಿಕೊಂಡು ಕೂರುವುದಲ್ಲ. 2019ರಲ್ಲಿ ನಾನು ಮಾಡುತ್ತಿದ್ದದ್ದು ಅದನ್ನೇ.

*ಹಸಿ ಸೌದೆ*

ನನಗೂ ಒಂದು ದಾರಿ ಗೊತ್ತಿತ್ತು ಅಂದುಕೊಂಡಿದ್ದೆ, ಆನಾಪಾನ ಧ್ಯಾನ. ಕತ್ತಲ ಕೋಣೆಯಲ್ಲಿ ಕಂಬಳಿ ಹೊದ್ದು, ಕಣ್ಣು ಮುಚ್ಚಿ ಗಂಟೆಗಟ್ಟಲೆ ಕೂರುತ್ತಿದ್ದೆ. ಎದ್ದಾಗ ಮನಸ್ಸು ಇನ್ನಷ್ಟು ಭಾರ. ಧ್ಯಾನವೂ ನನ್ನ ಕೈ ಬಿಟ್ಟಿತು ಅಂದುಕೊಂಡೆ.

ಆಗಸ್ಟ್ ಮೊದಲ ವಾರ. ಆ ವರ್ಷದ ಆಗಸ್ಟ್ ಮಳೆ ನಿಮಗೆಲ್ಲ ನೆನಪಿದೆ. ಪಕ್ಕದ ಮನೆಯ ಸಣ್ಣತ್ತೆ ಹಿಂದಿನ ಬಾಗಿಲಿನಿಂದ ಬಂದರು. ಎಪ್ಪತ್ತು ದಾಟಿದ ಮುದುಕಿ, ಕಂಬಳಿಕೊಪ್ಪೆ ಹಾಕಿಕೊಂಡು, ಕಂಕುಳಲ್ಲಿ ಒಣ ಸೌದೆ ಹೊರೆ ಹಿಡಿದು. ನಾನು ಬಚ್ಚಲೊಲೆ ಮುಂದೆ ಕೂತು ಹಸಿ ಸೌದೆ ಊದುತ್ತಿದ್ದೆ. ಮನೆ ತುಂಬ ಹೊಗೆ. ಅತ್ತೆ ಬೈದರು, "ಹಸಿದನ್ನ ಹಾಕಿ ಊದಿದ್ರೆ ಕಣ್ಣಾಗೆ ನೀರು ಬತ್ತದೆ, ಬೆಂಕಿ ಬರಾದಿಲ್ಲ ಮಗಾ. ಸರಿ ಆಕಡೆ." ಹಸಿ ಸೌದೆ ಎಳೆದು ಪಕ್ಕಕ್ಕಿಟ್ಟು, ಒಣ ತೆಂಗಿನಗರಿ, ಸಣ್ಣ ಚಕ್ಕೆ, ಆಮೇಲೆ ದೊಡ್ಡ ಸೌದೆ ಒಂದೊಂದೇ ಇಟ್ಟರು. ಬೆಂಕಿ ಹತ್ತಿತು. ಹಸಿ ಸೌದೆಯನ್ನು ಒಲೆ ಬದಿಗೆ ಒಣಗಲು ಒರಗಿಸಿದರು. ಆವತ್ತು ಇಬ್ಬರೂ ಅಲ್ಲೇ ಕೂತು ಹಲಸಿನ ಹಪ್ಪಳ ಸುಟ್ಟು ತಿಂದೆವು. ಅವರು ನನ್ನ ದುಃಖದ ಬಗ್ಗೆ ಒಂದು ಮಾತೂ ಕೇಳಲಿಲ್ಲ.

ಒಂದೆರಡು ವಾರ ಕಳೆದು ಬಳಗದ ಒಬ್ಬ ಹಿರಿಯರಿಗೆ ಫೋನಿನಲ್ಲಿ ಇದನ್ನು ಹೇಳಿದಾಗ ಅವರು ನಕ್ಕು, "ನಿಮ್ಮತ್ತೆ ಅಗ್ಗಿ ಸುತ್ತ ಹೇಳಿದ್ದಾರಲ್ಲ" ಅಂದರು. ಆಗಲೇ ನಾನು ಆ ಸುತ್ತವನ್ನು ಮೊದಲ ಸಲ ತಿಳಿದದ್ದು.

ಬೋಧಿಗೆ ಏಳು ಅಂಗ: ಸತಿ, ಧಮ್ಮವಿಚಯ, ವೀರಿಯ, ಪೀತಿ, ಪಸ್ಸದ್ಧಿ, ಸಮಾಧಿ, ಉಪೇಕ್ಖಾ. ಅಗ್ಗಿ ಸುತ್ತದಲ್ಲಿ ಬುದ್ಧರು ಕೇಳುತ್ತಾರೆ, ಆರುತ್ತಿರುವ ಸಣ್ಣ ಬೆಂಕಿಯನ್ನು ಎಬ್ಬಿಸಬೇಕಾದವನು ಅದರ ಮೇಲೆ ಹಸಿ ಹುಲ್ಲು, ಹಸಿ ಸಗಣಿ, ಹಸಿ ಕಟ್ಟಿಗೆ ಹಾಕಿದರೆ ಉರಿಯುತ್ತದೆಯೇ? ಇಲ್ಲ. ಹಾಗೆಯೇ ಮನಸ್ಸು ಕುಗ್ಗಿದಾಗ ಪಸ್ಸದ್ಧಿ, ಸಮಾಧಿ, ಉಪೇಕ್ಖಾ ಬೆಳೆಸುವ ಹೊತ್ತಲ್ಲ. ಅವು ತಣಿಸುವಂಥವು. ಆಗ ಬೇಕಾದ ಒಣ ಸೌದೆ ಮೂರು: *ಧಮ್ಮವಿಚಯ, ವೀರಿಯ, ಪೀತಿ*. ಮನಸ್ಸು ಹೊತ್ತಿ ಉರಿದು ಚಡಪಡಿಸುವಾಗ ತಣಿಸುವ ಮೂರು ಬೇಕು. ಸತಿ ಮಾತ್ರ ಎಲ್ಲ ಹೊತ್ತಿಗೂ ಬೇಕು.

ಧ್ಯಾನ ಕೆಟ್ಟದ್ದಾಗಿರಲಿಲ್ಲ. ನಾನು ಹೊತ್ತು ತಪ್ಪಿ, ಆರುತ್ತಿರುವ ಬೆಂಕಿಗೆ ನೀರು ಹಾಕುತ್ತಿದ್ದೆ.

*ಮೂರು ಒಣ ಸೌದೆ*

*1. ಧಮ್ಮವಿಚಯ, ಅಂದರೆ ಪರೀಕ್ಷಿಸಿ ನೋಡುವುದು.* ಒಂದು ಹಳೆ ನೋಟ್‌ಬುಕ್ ತೆಗೆದು ದಿನಕ್ಕೆ ಎರಡು ಸಾಲು ಬರೆಯತೊಡಗಿದೆ. ಎಷ್ಟು ಹೊತ್ತಿಗೆ ಎದ್ದೆ, ಹೊರಗೆ ಹೋದೆನಾ, ಯಾರ ಜೊತೆ ಮಾತಾಡಿದೆ, ಮನಸ್ಸು ಹೇಗಿತ್ತು. ಹತ್ತು ದಿನದಲ್ಲಿ ಗೊತ್ತಾಯಿತು, ಬೆಳಿಗ್ಗೆ ಹತ್ತರವರೆಗೆ ಹೊಸಿಲು ದಾಟದ ದಿನಗಳೇ ಅತಿ ಕೆಟ್ಟ ದಿನಗಳು. ಇನ್ನೊಂದೂ ಗೊತ್ತಾಯಿತು. ನಾನು ಒಂದೇ ದುಃಖ ಅಂದುಕೊಂಡದ್ದರಲ್ಲಿ ಮೂರು ಸೇರಿದ್ದವು. ಗಂಡ ಹೋದ ದುಃಖ, ಅದು ಇರುವಂಥದ್ದೇ. ಮಳೆಯ ಮಂಕು, ಅದು ಹವಾಮಾನದ್ದು. ಮೂರನೆಯದು ವಿಧವಾ ವೇತನದ ಅರ್ಜಿ ಒಂದು ಕಚೇರಿಯಲ್ಲಿ ಕೊಳೆಯುತ್ತಿದ್ದ ಚಿಂತೆ. ಆ ಮೂರನೆಯದಕ್ಕೆ ಅಳುವುದು ಬೇಕಿರಲಿಲ್ಲ, ಓಡಾಡುವುದು ಬೇಕಿತ್ತು. ಬಳಗದ ಇಬ್ಬರು ಜೊತೆಗೆ ಬಂದರು, ಎರಡು ಸಲ ಹೋದ ಮೇಲೆ ಕೆಲಸ ಆಯಿತು.

*2. ವೀರಿಯ, ಅಂದರೆ ಮೈ ಮುರಿದು ಏಳುವುದು.* ಮಗಧದ ಕಲ್ಲವಾಳಮುತ್ತ ಎಂಬ ಹಳ್ಳಿಯಲ್ಲಿ ಮೊಗ್ಗಲ್ಲಾನರು ಕೂತಲ್ಲೇ ತೂಕಡಿಸುತ್ತಿದ್ದರು. ಅಂಥ ಮಹಾಶಿಷ್ಯರಿಗೂ ಮಂಕು ಬಂದಿತ್ತು ಎಂಬುದೇ ನಮಗೆ ಸಮಾಧಾನ. ಬುದ್ಧರು ಬೈಯಲಿಲ್ಲ, ಉಪಾಯ ಹೇಳಿಕೊಟ್ಟರು. ಮಂಕು ತಂದ ಯೋಚನೆಯನ್ನು ಬಿಡು. ಕೇಳಿದ ಧಮ್ಮವನ್ನು ಮೆಲುಕು ಹಾಕು. ಬಾಯಿಬಿಟ್ಟು ಪಠಿಸು. ಕಿವಿ ಎಳೆದುಕೋ, ಕೈಕಾಲು ಉಜ್ಜಿಕೋ. ಎದ್ದು ಕಣ್ಣಿಗೆ ನೀರು ಹಾಕಿಕೊಂಡು ಸುತ್ತ ದಿಕ್ಕುಗಳನ್ನೂ ಮೇಲೆ ನಕ್ಷತ್ರಗಳನ್ನೂ ನೋಡು. ಬೆಳಕನ್ನು ಮನಸ್ಸಿಗೆ ತಂದುಕೋ. ಅತ್ತಿಂದಿತ್ತ ನಡೆ. ಇಷ್ಟಾದರೂ ಹೋಗದಿದ್ದರೆ ಬಲ ಮಗ್ಗುಲಲ್ಲಿ ಎಚ್ಚರದಿಂದ ಮಲಗು, ಎಚ್ಚರವಾದ ತಕ್ಷಣ ಏಳು. ಎಷ್ಟು ಸರಳ ನೋಡಿ. ಒಂದಾಗದಿದ್ದರೆ ಇನ್ನೊಂದು.

ನಮ್ಮಲ್ಲಿ ಮಳೆಗಾಲದಲ್ಲಿ ನಕ್ಷತ್ರ ಕಾಣುವುದಿಲ್ಲ. ಆದರೆ ಮೋಡ ಮುಚ್ಚಿದ ದಿನವೂ ಹೊರಗಿನ ಬೆಳಕು ಮನೆಯೊಳಗಿನ ದೀಪಕ್ಕಿಂತ ಹಲವು ಪಟ್ಟು ಹೆಚ್ಚು. ಅದಕ್ಕೇ ನಾನು ಮುಖ ತೊಳೆದು, ಛತ್ರಿ ಹಿಡಿದು, ಇಂಬಳಕ್ಕೆ ಕಾಲಿಗೆ ಸುಣ್ಣ ಹೊಗೆಸೊಪ್ಪು ಸವರಿಕೊಂಡು ದಿನಾ ಬೆಳಿಗ್ಗೆ ಅರ್ಧ ಗಂಟೆ ಹಿನ್ನೀರಿನ ಕಡೆ ನಡೆಯಲು ಶುರು ಮಾಡಿದೆ. ಮೊದಲ ದಿನ ಹತ್ತು ಹೆಜ್ಜೆಗೆ ವಾಪಸ್ ಬಂದೆ. ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದೆ. ಆಮೇಲೆ ದಿನಕ್ಕೆ ಒಂದೇ ಸಮವಸ್ತ್ರ ಹೊಲಿಯುವುದು ಎಂದು ಇಟ್ಟುಕೊಂಡೆ.

ಇಲ್ಲಿ ಒಂದು ಎಚ್ಚರದ ಮಾತು. ಮಳೆಗಾಲದ ಚಳಿಗೆ, ಬೇಸರಕ್ಕೆ ಒಂದು ಲೋಟ ಹಾಕಿದರೆ ಮನಸ್ಸು ಹಗುರ ಎನ್ನುವವರು ನಮ್ಮ ಕೇರಿಗಳಲ್ಲೂ ಇದ್ದಾರೆ. ಅದು ಅರ್ಧ ಗಂಟೆಯ ಹಗುರ, ಮರುದಿನ ಎರಡು ಪಟ್ಟು ಭಾರ. ಮದ್ಯ ಕುಗ್ಗಿದ ಮನಸ್ಸನ್ನು ಇನ್ನೂ ಕುಗ್ಗಿಸುತ್ತದೆ. ಐದನೇ ಶೀಲವೂ ಬಾಬಾಸಾಹೇಬರು ಕೊಟ್ಟ ಪ್ರತಿಜ್ಞೆಯೂ ಸುಮ್ಮನೆ ಇಟ್ಟದ್ದಲ್ಲ. ಅದು ಹಸಿ ಸೌದೆಗಳಲ್ಲೇ ಅತಿ ಹಸಿ.

*3. ಪೀತಿ, ಅಂದರೆ ಧಮ್ಮದ ಸಂತೋಷ.* ಇದು ಒಬ್ಬರೇ ಕೂತರೆ ನನಗೆ ಬರಲಿಲ್ಲ. ಸಣ್ಣತ್ತೆಗೆ ಓದು ಬಾರದು. ಒಂದು ಸಂಜೆ ಅವರೇ, "ಆ ಬಾಬಾಸಾಹೇಬ್ರ ಪುಸ್ತಕದಾಗೆ ಏನೈತೆ, ಓದು ಕೇಳಾನ" ಅಂದರು. ಬೂಷ್ಟು ಒರೆಸಿ, ಬಿಸಿಲಿಲ್ಲದ್ದಕ್ಕೆ ಒಲೆ ಹತ್ತಿರ ಇಟ್ಟು ಬೆಚ್ಚಗೆ ಮಾಡಿ, ದಿನಕ್ಕೆ ಎರಡು ಪುಟ ಓದತೊಡಗಿದೆ. ಒಂದು ವಾರಕ್ಕೆ ಇನ್ನೊಂದು ಮನೆಯವರು ಬಂದರು, ಮಕ್ಕಳು ಬಂದರು. ಕರೆಂಟ್ ಇಲ್ಲದ ರಾತ್ರಿ ಮೇಣದಬತ್ತಿ ಹಚ್ಚಿ ತ್ರಿಸರಣ ಪಂಚಶೀಲ ಹೇಳಿ ಓದುತ್ತಿದ್ದೆವು. ಯಾರೋ ಕಳಲೆ ಪಲ್ಯ ತರುತ್ತಿದ್ದರು, ಯಾರೋ ಬೆಲ್ಲದ ಕಾಫಿ. ಒಬ್ಬ ಹುಡುಗ ಸುಜಾತೆಯ ಪಾಯಸ ಎಂಥದ್ದು ಅಂತ ಕೇಳಿ ಎಲ್ಲರನ್ನೂ ನಗಿಸಿದ. ನಾನೂ ನಕ್ಕೆ. ಏಪ್ರಿಲ್ ಆದ ಮೇಲೆ ಅದೇ ಮೊದಲು.

ಒಂದು ವಾರದಲ್ಲಿ ಎಲ್ಲ ಸರಿ ಹೋಯಿತು ಅಂತ ನಾನು ಹೇಳುವುದಿಲ್ಲ. ಸೆಪ್ಟೆಂಬರ್‌ನಲ್ಲೂ ಕೆಟ್ಟ ದಿನಗಳು ಬಂದವು. ಈಗಲೂ ಪುಷ್ಯ ಮಳೆ ಹಿಡಿದರೆ ನನಗೆ ಒಳಗೆ ಒಂದು ಭಯ. ಆದರೆ ಸೌದೆ ಎಲ್ಲಿದೆ ಅಂತ ಗೊತ್ತು. ಮೇ ತಿಂಗಳಲ್ಲೇ ಅಟ್ಟದ ಮೇಲೆ ಒಣ ಸೌದೆ ಪೇರಿಸುವ ಹಾಗೆ, ಯಾವ ಮನೆಯಲ್ಲಿ ಓದು, ಯಾರು ಯಾವ ವಾರ ಅಂತ ಮೊದಲೇ ಬರೆದಿಡುತ್ತೇವೆ.

*ಒಲೆಯೇ ಒಡೆದಿದ್ದರೆ*

ಕೆಲವೊಮ್ಮೆ ಇಷ್ಟು ಸಾಲದು. ಎರಡು ವಾರ ದಾಟಿದರೂ ಮನಸ್ಸು ಏಳದಿದ್ದರೆ, ಊಟ ನಿದ್ದೆ ಬಿಟ್ಟುಹೋದರೆ, ಬದುಕುವುದೇ ಬೇಡ ಎಂಬ ಯೋಚನೆ ಒಮ್ಮೆ ಬಂದರೂ, ಅದು ವೈದ್ಯರಿಗೆ ತೋರಿಸಬೇಕಾದ ಕಾಯಿಲೆ. ಇದರಲ್ಲಿ ನಾಚಿಕೆ ಇಲ್ಲ, ಧಮ್ಮದಲ್ಲಿ ನಂಬಿಕೆ ಕಡಿಮೆ ಎಂದೂ ಅಲ್ಲ. ಬುದ್ಧರೇ ಜೀವಕ ವೈದ್ಯನಿಂದ ಔಷಧಿ ತೆಗೆದುಕೊಂಡವರು. ತಾಲ್ಲೂಕು ಆಸ್ಪತ್ರೆಯಲ್ಲಿ ಕೇಳಿ. ಸರ್ಕಾರದ *ಟೆಲಿ ಮನಸ್ 14416* ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಈ ಸಂಖ್ಯೆಯನ್ನು ಈಗಲೇ ಫೋನಿನಲ್ಲಿ ಉಳಿಸಿಕೊಳ್ಳಿ. ಅಂಥ ಯೋಚನೆಯಲ್ಲಿರುವವರನ್ನು ಒಂಟಿಯಾಗಿ ಬಿಡಬೇಡಿ.

ಅತಿಸಾರದಿಂದ ಮಲಿನದಲ್ಲೇ ಬಿದ್ದಿದ್ದ ಒಬ್ಬ ಭಿಕ್ಖುವನ್ನು ಯಾರೂ ನೋಡುತ್ತಿರಲಿಲ್ಲ. ಬುದ್ಧರು ಮತ್ತು ಆನಂದರು ತಾವೇ ನೀರು ತಂದು ತೊಳೆದು, ಎತ್ತಿ ಮಲಗಿಸಿದರು. ನನ್ನ ಸೇವೆ ಮಾಡಬಯಸುವವರು ರೋಗಿಯ ಸೇವೆ ಮಾಡಲಿ ಎಂದರು. ಕಾಯಿಲೆ ಮೈಯದಾಗಲಿ ಮನಸ್ಸಿನದಾಗಲಿ, ನಮಗೆ ಇದೇ ನಿಯಮ.

*ಪವಾರಣೆಯ ದಿನ*

ವರ್ಷಾವಾಸ ಮುಗಿಯುವ ದಿನ ಭಿಕ್ಖುಗಳು ಪವಾರಣೆ ಮಾಡುತ್ತಾರೆ. ನನ್ನಲ್ಲಿ ನೀವು ಕಂಡ, ಕೇಳಿದ, ಅನುಮಾನಿಸಿದ ತಪ್ಪಿದ್ದರೆ ಕರುಣೆಯಿಂದ ಹೇಳಿ ಎಂದು ಒಬ್ಬರನ್ನೊಬ್ಬರು ಕೇಳುತ್ತಾರೆ. ಆ ವರ್ಷ ಆಶ್ವಯುಜ ಪೂರ್ಣಿಮೆಗೆ ನಮ್ಮ ಸಣ್ಣ ಗುಂಪಿನಲ್ಲೂ ಹಾಗೆ ಮಾಡಿದೆವು. ನಾನು ಕೇಳಿದಾಗ ಸಣ್ಣತ್ತೆ ಹೇಳಿದರು, "ಜೂನಿನಾಗೆ ಮೂರು ಸಲ ಬಂದು ಬಾಗ್ಲು ತಟ್ಟಿದ್ದೆ. ನೀ ಒಳಗೇ ಇದ್ದೆ. ತೆಗೀಲಿಲ್ಲ."

ನನಗೆ ತಟ್ಟಿದ್ದು ಕೇಳಿಸಿತ್ತು. ಅದು ನನಗೆ ನೆನಪಿದೆ. ಕ್ಷಮೆ ಕೇಳಿದೆ.

ಆಮೇಲೆ ಅತ್ತೆ ತಾವೂ ಕೇಳಿದರು, "ನನ್ನ ತಪ್ಪೇನು ಹೇಳ್ರಿ." ಯಾರೂ ಮಾತಾಡಲಿಲ್ಲ. ಅವರೇ ಹೇಳಿದರು, "ಮೂರು ಸಲ ಆದ್ಮೇಲೆ ಒಂದೂವರೆ ತಿಂಗಳು ಸುಮ್ನಿದ್ದೆ. ಹಿಂದ್ಗಡೆ ಬಾಗ್ಲು ಐತೆ ಅಂತ ಗೊತ್ತಿತ್ತು."

2025ರ ಜುಲೈ 14ರಂದು ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವೆ ಸೇತುವೆ ಉದ್ಘಾಟನೆ ಆಯಿತು. ಈಗ ಸಂಜೆ ಲಾಂಚ್ ನಿಲ್ಲುತ್ತದೆ ಎಂಬ ಕಾರಣ ಹೇಳುವಂತಿಲ್ಲ. ಆದ್ದರಿಂದ ಸಾಗರದ ಬಂಧುಗಳಲ್ಲಿ ಒಂದು ವಿನಂತಿ. ಈ ವರ್ಷಾವಾಸದಲ್ಲಿ ಹೊಳೆ ಆಚೆಯ ಮನೆಗಳ ಓದಿಗೂ ಬನ್ನಿ. ರಾತ್ರಿ ಓದು ಮುಗಿಸಿಯೂ ಮನೆ ಸೇರಬಹುದು.

*ಇಂದಿನ ಅಭ್ಯಾಸ*

✅ ಬೆಳಿಗ್ಗೆ ಮುಖ ತೊಳೆದು ಹತ್ತು ನಿಮಿಷವಾದರೂ ಹೊರಗಿನ ಬೆಳಕಿಗೆ ಬನ್ನಿ. ಮಳೆ ಇದ್ದರೆ ಜಗುಲಿಯಲ್ಲೇ ನಡೆಯಿರಿ.
✅ ಇವತ್ತಿನ ಮನಸ್ಸಿನ ಬಗ್ಗೆ ಎರಡು ಸಾಲು ಬರೆಯಿರಿ. ಅದರಲ್ಲಿ ಹವಾಮಾನದ್ದು ಎಷ್ಟು, ಓಡಾಡಿ ಪರಿಹರಿಸಬೇಕಾದದ್ದು ಎಷ್ಟು ಎಂದು ಬೇರೆ ಮಾಡಿ.
✅ ಧಮ್ಮ ಪುಸ್ತಕದ ಒಂದು ಪುಟವನ್ನು ಗಟ್ಟಿಯಾಗಿ, ಇನ್ನೊಬ್ಬರಿಗೆ ಕೇಳುವಂತೆ ಓದಿ.
✅ ಈ ತಿಂಗಳು ಕಾಣಿಸಿಕೊಳ್ಳದ ಒಬ್ಬರ ಮನೆ ಬಾಗಿಲು ತಟ್ಟಿ. ತೆಗೆಯದಿದ್ದರೆ ಹಿಂದಿನ ಬಾಗಿಲಿಗೆ ಹೋಗಿ.

ಹೊಸನಗರದ ತಂಗೀ, ಭಾನುವಾರ ನಾವು ಇಬ್ಬರು ನಿನ್ನ ಮನೆಗೆ ಬರುತ್ತಿದ್ದೇವೆ. ಏನೂ ಅಡುಗೆ ಮಾಡಬೇಡ. ಹಪ್ಪಳ ನಾವು ತರುತ್ತೇವೆ, ನೀನು ಒಲೆ ಹಚ್ಚಿಡು.

ಭವತು ಸಬ್ಬ ಮಂಗಲಂ.
ಸಾಧು ಸಾಧು ಸಾಧು 🙏
ನಮೋ ಬುದ್ಧಾಯ. ಜೈಭೀಮ್. 💙

_ಓದಿ, ಅಗತ್ಯ ಇರುವ ಒಬ್ಬರಿಗಾದರೂ ಕಳಿಸಿ._